ಎರಡು ಬಾಗಿಲಿನ ಡೇರೆ

ಕೊರಿಯಾ ದೇಶವನ್ನು ನಾನು ನೋಡಿದವಳಲ್ಲ. ನಕಾಶೆಯಲ್ಲಿ ತೋರಿಸು ಅಂದರೆ ಬೆರಳು ಎಲ್ಲಿಡಬೇಕೆಂದು ಇವತ್ತಿಗೂ ಗೊತ್ತಿಲ್ಲ. ಆದರೂ ಕಣ್ಣು ಮುಚ್ಚಿದರೆ ಅಲ್ಲಿಯ ಹಿಮ ಬೀಳುವುದು ಕಾಣುತ್ತದೆ, ಅದೂ ಬನಹಟ್ಟಿಯ ನಮ್ಮ ಓಣಿಯ ಮೇಲೆ. ಗಂಜಿ ಹಚ್ಚಿ ಓಣಿಯುದ್ದಕ್ಕೂ ಬಿಗಿದ ನೂಲಿನ ಹಾಸಿನ ಮೇಲೆ ಅದು ಸದ್ದಿಲ್ಲದೆ ಇಳಿಯುತ್ತದೆ. ಅಪ್ಪ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕುಂಚ ಎಳೆಯುತ್ತ ಹಿಂದೆ ಹಿಂದೆ ನಡೆಯುತ್ತಾನೆ. ಮೊಮ್ಮಕ್ಕಳಿಗೆ ಹೇಳಿದರೆ ನಗುತ್ತವೆ, "ಬನಹಟ್ಯಾಗ ಹಿಮಾ ಬೀಳತೈತೇನಬೇ ಆಯಿ?" ಬಿದ್ದಿತ್ತು. ಒಂದು ವರ್ಷ ಬಿದ್ದಿತ್ತು. ನಗುವವರು ನಗಲಿ, ನನ್ನದೇನು ಹೋಗುವುದಿದೆ.

ಆಗ ನಾವು ಮುಂಬಯಿ ರಾಜ್ಯದವರು. ರಾಜರ ಆಳಿಕೆ ಹೋಗಿ ಬಹಳ ದಿನ ಆಗಿರಲಿಲ್ಲ. ಅದಕ್ಕೆ ಮುಂಚೆ ಬನಹಟ್ಟಿ ಜಮಖಂಡಿಯ ರಾಜನದು, ಕೂಗಳತೆಯ ರಬಕವಿ ಬೇರೊಬ್ಬ ರಾಜನದು. ನಡುವೆ ಇದ್ದ ಗೆರೆ ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೂ ದೊಡ್ಡವರು ಆ ದಾರಿಯಲ್ಲಿ ಒಂದು ಜಾಲಿ ಗಿಡದ ಹತ್ತಿರ ಬಂದರೆ, "ಇಲ್ಲಿಗೆ ನಮ್ಮದು ಮುಗೀತು" ಅನ್ನುತ್ತಿದ್ದರು. ರಾಜರು ಹೋದ ಮೇಲೂ ಅನ್ನುತ್ತಿದ್ದರು. ನನ್ನ ಸೋದರತ್ತೆ, ಅಪ್ಪನ ಅಕ್ಕ, ಆ ಗೆರೆಯ ಆಚೆ ರಬಕವಿಯಲ್ಲಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಮನೆಯಲ್ಲಿ ಒಂದು ಕುಣಿಮಗ್ಗ ಸುಮ್ಮನೆ ಕೂತಿತ್ತು.

ನನ್ನನ್ನು ಕೊಟ್ಟಿದ್ದು ಗಲಗಲಿಗೆ. ಊರು ಕೆಟ್ಟದ್ದೆಂದು ನಾನು ಹೇಳಲಾರೆ. ಹಿತ್ತಲಲ್ಲಿ ನಿಂತರೆ ಕೃಷ್ಣಾ ಹೊಳೆ ಕಾಣುತ್ತಿತ್ತು. ಚಳಿಗಾಲದ ಮುಂಜಾವಿನಲ್ಲಿ ಹೊಳೆಯ ಮೇಲೆ ಮಂಜು ಕೂತಾಗ ಆಚೆ ದಂಡೆ ಇರುತ್ತಲೇ ಇರಲಿಲ್ಲ. ಬರೀ ಬಿಳಿ. ಆ ಬಿಳಿಯೊಳಗಿಂದ ಮೊದಲು ಯಾರದೋ ಮಾತು ಬರುತ್ತಿತ್ತು, ಆಮೇಲೆ ಹುಟ್ಟು ನೀರಿಗೆ ಬೀಳುವ ಸಪ್ಪಳ, ಆಮೇಲೆ ಹರಿಗೋಲು. ನಾನು ಕೊಡ ಕಂಕುಳಲ್ಲಿಟ್ಟುಕೊಂಡು ನಿಂತೇ ಬಿಡುತ್ತಿದ್ದೆ. ಆ ಹೊಳೆಯೊಂದನ್ನು ಬಿಟ್ಟರೆ ಆ ಊರಲ್ಲಿ ನನ್ನವರು ಅನ್ನುವವರು ಯಾರೂ ಇರಲಿಲ್ಲ.

ಗಂಡನ ಕೈ ಜೋರು. ಅದಕ್ಕಿಂತ ಹೆಚ್ಚು ಬಣ್ಣ ಕಟ್ಟಿ ಹೇಳುವ ಆಸೆ ನನಗಿಲ್ಲ. ಹೊಳೆ ನೋಡುತ್ತ ನಿಂತು ನೀರು ತಡವಾಗಿ ತಂದ ಒಂದು ದಿನ ಅವನು ನನ್ನ ಎಡಗೈ ಹಿಡಿದು ತಿರುವಿದ. ಮಣಿಕಟ್ಟು ಮುರಿಯಿತು. ಊರಿನ ಕೈ ಕಟ್ಟುವವನು ಬಿದಿರ ಸೀಳು ಇಟ್ಟು ಕಟ್ಟಿದ. ಕೈ ಕೂಡಿತು, ಸೊಟ್ಟಗೆ ಕೂಡಿತು. ಗಂಡನ ತಾಯಿ ನೋಡಿ, "ಕೂಡೇತಲ್ಲ, ಮತ್ತೇನ?" ಅಂದಳು.

ಶ್ರಾವಣದಲ್ಲಿ ನಾಗರಪಂಚಮಿಗೆ ತವರಿಗೆ ಬಂದೆ. ಕೊಟ್ಟ ಹೆಣ್ಣುಮಕ್ಕಳೆಲ್ಲ ಬರುವ ಹಬ್ಬ. ಅಣ್ಣನೂ ಬಂದಿದ್ದ. ಅವನು ದಂಡಿನಲ್ಲಿದ್ದವನು, ದೂರದ ದೇಶಕ್ಕೆ ಹೋಗಬೇಕು ಅಂತ ಸೂಟಿ ಕೊಟ್ಟಿದ್ದರು. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿ, "ಏರು ತಂಗಿ, ಮುಗಿಲಿಗೆ ಮುಟ್ಟಸ್ತೇನಿ" ಅಂದ. ಏರಿದೆ. ಬಲಗೈ ಹಗ್ಗ ಹಿಡಿಯಿತು, ಎಡಗೈ ಹಿಡಿಯಲಿಲ್ಲ. ಜಾರಿದವಳನ್ನು ಅಣ್ಣನೇ ಹಿಡಿದುಕೊಂಡ. ಮಣಿಕಟ್ಟು ತಿರುಗಿಸಿ ನೋಡಿದ.

"ಏನಾತು?"

"ಬಿದ್ನಿ."

ಅವನು ಜೋಕಾಲಿ ಬಿಚ್ಚಿದ. ಮರುದಿನ ಟ್ರಂಕು ಹೊತ್ತು ಹೊರಟಾಗ ಅವ್ವನಿಗೆ ಮಾತ್ರ, "ನಾ ಬರೂತನಕ ಅಕಿನ್ನ ಕಳಸಬ್ಯಾಡ್ರಿ" ಅಂದು ಹೋದ. ಆ ಮಾತನ್ನು ಹಿಡಿದುಕೊಂಡು ನಾನು ಉಳಿದೆ. ಪಂಚಮಿಗೆ ಬಂದವಳು ಬನ್ನಿ ಹಬ್ಬವಾದರೂ ಹೋಗಲಿಲ್ಲ, ದೀಪಾವಳಿಯಾದರೂ ಹೋಗಲಿಲ್ಲ. ಓಣಿಯ ಹೆಂಗಸರು ನೀರಿಗೆ ಹೋಗುವಾಗ ನಮ್ಮ ಬಾಗಿಲಲ್ಲಿ ನಿಂತು, "ಪಂಚಮಿ ಇನ್ನೂ ಮುಗದಿಲ್ಲೇನ ನಿಮ್ಮ ಮನ್ಯಾಗ?" ಅನ್ನುತ್ತಿದ್ದರು. ಅವ್ವ, "ಉಂಡಿ ಇನ್ನೂ ತೀರಿಲ್ಲ, ಒಳಗ ಬರ್ರಿ, ನಿಮಗೂ ಒಂದ ಕೊಡ್ತೇನಿ" ಅನ್ನುತ್ತಿದ್ದಳು. ಅವರು ಬರುತ್ತಿರಲಿಲ್ಲ.

ಅಪ್ಪ ಸಂಜೆ ನೇಕಾರರ ಸೊಸಾಯಟಿಯ ಕಟ್ಟೆಗೆ ಹೋಗಿ ಪೇಪರ ಓದಿಸಿಕೊಂಡು ಬರುತ್ತಿದ್ದ. ಮಗ ಹೋದ ಕೊರಿಯಾ ದೇಶದ ಸುದ್ದಿ ಕೇಳಿ ಬಂದು ಮಗ್ಗದ ಕುಣಿಗೆ ಕಾಲಿಳಿಸಿ ಕೂತು ಹೇಳುತ್ತಿದ್ದ. ನಾನೂ ಅವ್ವನೂ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತ ಕೇಳುತ್ತಿದ್ದೆವು. ಕಂಡಿಕೆ ಅಂದರೆ ಲಾಳಿಯೊಳಗೆ ಕೂಡುವ ಬೆರಳುದ್ದದ ಕೊಳವೆ. ಅದಕ್ಕೆ ನೂಲು ಸುತ್ತಿ ಕೊಟ್ಟರೇ ನೇಯುವವನ ಕೈ ಓಡುವುದು.

"ದೊಡ್ಡ ಯುದ್ಧದಾಗ ಜಪಾನದಾಂವ ಸೋತ ನೋಡು," ಅಪ್ಪ ಹೇಳುತ್ತಿದ್ದ. "ಅವನ ಕೈಯಾಗಿದ್ದ ದೇಶ ಅದು. ಮ್ಯಾಲಿನ ಅರ್ಧಾ ರಷ್ಯಾದಾಂವ ಬಂದ ಹಿಡದ, ಕೆಳಗಿನ ಅರ್ಧಾ ಅಮೇರಿಕಾದಾಂವ ಹಿಡದ. ನಡುವ ಒಂದು ಗೆರಿ ಎಳದ್ರು. ಆಮ್ಯಾಲ ಮ್ಯಾಲಿನವರು ಕೆಳಗಿನವರು ಹೊಡದಾಡಾಕ ಹತ್ತಿದ್ರು. ಒಬ್ಬರ ಬೆನ್ನಿಗೆ ಚೀನಾ, ರಷ್ಯಾ. ಇನ್ನೊಬ್ಬರ ಬೆನ್ನಿಗೆ ಅಮೇರಿಕಾ."

ಅವ್ವ ರಾಟೆ ನಿಲ್ಲಿಸಿ, "ಗೆರಿ ಎಳದಾಂವ ಆ ಊರಾಂವೇನ?" ಅಂದಳು.

"ಅಲ್ಲ."

"ಮತ್ತ ಇನ್ನೊಬ್ಬಾಂವ?"

"ಅವನೂ ಅಲ್ಲ."

"ಗಂಡ ಹೆಂಡರ ಜಗಳದಾಗ ಕೂಸ ಬಡವಾತು ಅಂದಂಗಾತು. ಇಲ್ಲಿ ಗಂಡ ಹೆಂಡರೂ ಅಲ್ಲ, ಬರೇ ಬೀಗರು," ಅಂದು ಅವ್ವ ಮತ್ತೆ ರಾಟೆ ತಿರುಗಿಸಿದಳು.

ಆಮೇಲೆ ಒಂದು ಸಂಜೆ ಅಪ್ಪ ವಿಚಿತ್ರ ಸುದ್ದಿ ತಂದ. ಯುದ್ಧ ನಿಂತಿತ್ತು. ಎರಡೂ ಕಡೆ ಸೆರೆ ಸಿಕ್ಕವರನ್ನು ಅವರವರ ಊರಿಗೆ ಕಳಿಸಬೇಕು. ಆದರೆ ಸಾವಿರಾರು ಸೆರೆಯಾಳುಗಳು ತಾವು ಊರಿಗೆ ಹೋಗುವುದಿಲ್ಲ ಅಂತ ಕೂತುಬಿಟ್ಟಿದ್ದರು. ಅವರನ್ನು ಯಾವ ಕಡೆಗೂ ಸೇರದವರು ಯಾರಾದರೂ ಕಾಯಬೇಕು ಅಂತ ನಮ್ಮ ದಂಡನ್ನು ಕರೆಸಿದ್ದರು. "ಬಿಡ್ತೇವಿ ಮನಿಗೆ ಹೋಗ್ರಿ ಅಂದ್ರೂ ಒಲ್ಲೆ ಅಂತಾರಂತ. ಏನ ಜನ ಇದ್ದೀತು ಅದು!" ಅಂದ ಅಪ್ಪ, ಅಂದವನು ತಟ್ಟನೆ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿ ರಾಟೆ ತಿರುಗಿಸಿದೆ.

ಅವತ್ತಿನಿಂದ ಕೊರಿಯಾ ನನ್ನ ಕನಸಿಗೆ ಬರತೊಡಗಿತು. ಮಗ್ಗದ ಸಪ್ಪಳ ಕೇಳುತ್ತ ಕೇಳುತ್ತ ಕಣ್ಣು ಭಾರವಾದರೆ ಸಾಕು, ನಮ್ಮ ಪಡಸಾಲೆಯಲ್ಲಿ ಗುರುತಿಲ್ಲದವರು ಕೂತಿರುತ್ತಿದ್ದರು. ಅವರ ಮುಖ ಹೇಗಿರುತ್ತದೋ ನನಗೇನು ಗೊತ್ತು, ನಮ್ಮ ಓಣಿಯವರ ಮುಖವನ್ನೇ ಹಚ್ಚಿದ್ದೆ. ಯಾರೂ ಮಾತಾಡುತ್ತಿರಲಿಲ್ಲ. ಹೊರಗೆ ಬಂಡಿಯ ಗಂಟೆ ಕೇಳಿದರೆ ಎಲ್ಲರೂ ಒಮ್ಮೆಲೇ ಬಾಗಿಲ ಕಡೆ ನೋಡುತ್ತಿದ್ದರು. ನಾನು ಅವರ ನಡುವೆ ಕೂತು ಕಂಡಿಕೆ ಸುತ್ತುತ್ತಿದ್ದೆ. ಎಚ್ಚರಾದರೆ ಕೈಯಲ್ಲಿ ಕಂಡಿಕೆ ಇರುತ್ತಿತ್ತು, ಅವರು ಇರುತ್ತಿರಲಿಲ್ಲ.

ಚಳಿ ಸರಿದು ಬೇವು ಚಿಗುರುವ ಹೊತ್ತಿಗೆ ಅಣ್ಣ ಬಂದ. ಬಣ್ಣ ಬಿಳುಪೇರಿತ್ತು, ತುಟಿ ಒಡೆದಿತ್ತು. ಒಂದು ದಪ್ಪ ಕಂಬಳಿ ತಂದಿದ್ದ. ಬನಹಟ್ಟಿಯ ಬಿಸಿಲಿಗೆ ಅದನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಅವ್ವ ಮಡಿಚಿ ಅಟ್ಟದ ಮೇಲಿಟ್ಟಳು.

ಮಧ್ಯಾಹ್ನ ಊಟವಾದ ಮೇಲೆ ಅವನು ಕಂಬಕ್ಕೆ ಒರಗಿ ಕತೆ ಹೇಳುತ್ತಿದ್ದ. ಹಿಮವೆಂದರೆ ಹಿಂಜಿದ ಅರಳೆ ಮೇಲಿಂದ ಉದುರಿದ ಹಾಗೆ ಅಂದ. ಬಿದ್ದಾಗ ಊರೆಲ್ಲ ಕಿವಿ ಮುಚ್ಚಿಕೊಂಡ ಹಾಗೆ ಆಗುತ್ತದಂತೆ. ತಂತಿ ಬೇಲಿಯೊಳಗೆ ಸೆರೆಯಾಳುಗಳು ಮುಂಜಾನೆಯಿಂದ ಹಾಡುತ್ತಿದ್ದರಂತೆ, ಹರಕು ಬಟ್ಟೆ ಹೊಲಿದು ನಿಶಾನೆ ಮಾಡಿ ಹಾರಿಸುತ್ತಿದ್ದರಂತೆ. ಒಂದು ಬೇಲಿಯವರು ಒಂದು ನಿಶಾನೆ, ಇನ್ನೊಂದು ಬೇಲಿಯವರು ಇನ್ನೊಂದು. ಮಾತು ಒಂದೇ, ಉಣ್ಣುವ ಅನ್ನ ಒಂದೇ. "ನಮ್ಮ ಬನಹಟ್ಟಿ, ರಬಕವಿ ನೋಡ್ರಿ, ಹಂಗ," ಅಂದ ಅಣ್ಣ.

ಅವನ ಕತೆಗಳಲ್ಲಿ ನನ್ನನ್ನು ಬಿಡದೆ ಹಿಡಿದದ್ದು ಡೇರೆಯ ಕತೆ. ಊರಿಗೆ ಹೋಗುವುದಿಲ್ಲ ಅಂದವರನ್ನು ಒಬ್ಬೊಬ್ಬರನ್ನಾಗಿ ಒಂದು ಡೇರೆಗೆ ಕರೆತರುತ್ತಿದ್ದರು. ಒಳಗೆ ಅವನ ಊರ ಕಡೆಯ ಹಿರಿಯರು ಕೂತಿರುತ್ತಿದ್ದರು. ಮರಳಿ ಬಾ, ನಿನ್ನ ತಾಯಿ ಹಾದಿ ಕಾಯುತ್ತಿದ್ದಾಳೆ, ಆದದ್ದೆಲ್ಲ ಮರೆತಿದ್ದೇವೆ, ಯಾರೂ ನಿನಗೆ ಏನೂ ಅನ್ನುವುದಿಲ್ಲ ಅಂತ ತಿಳಿಸಿ ಹೇಳುತ್ತಿದ್ದರು. ಅವನು ಕೇಳಬೇಕು. ಬಡಿಯುವ ಹಾಗಿಲ್ಲ, ಹೆದರಿಸುವ ಹಾಗಿಲ್ಲ. ಕೇಳಿದ ಮೇಲೆ ಅವನು ಎದ್ದು ಹೋಗಬೇಕು. ಡೇರೆಗೆ ಎರಡು ಬಾಗಿಲು. ಒಂದರಿಂದ ಹೊರಬಿದ್ದರೆ ಊರು. ಇನ್ನೊಂದರಿಂದ ಬಿದ್ದರೆ ಹೋಗುವುದಿಲ್ಲ ಅಂತ ಅರ್ಥ, ವಾಪಸು ಬೇಲಿಯೊಳಗೆ.

"ನೀ ಏನ ಮಾಡ್ತಿದ್ದಿ?" ಅಂದೆ.

"ಬಾಜೂಕ ನಿಂದರತಿದ್ನಿ. ಯಾವ ಬಾಗಲಾ ಯಾವ ಕಡೆ ಅಂತ ಸೈತ ನಾವು ಬಾಯಿ ಬಿಡೂ ಹಂಗಿರಲಿಲ್ಲ."

ಒಬ್ಬನ ಸುದ್ದಿ ಹೇಳಿದ. ನಡುವಯಸ್ಸಿನವನು, ರೈತರ ಕೈ. ಹಿರಿಯರು ಹೇಳಿದ್ದನ್ನೆಲ್ಲ ಕೇಳಿದ, ಎದ್ದ, ಡೇರೆಯ ನಟ್ಟ ನಡುವೆ ಬಂದು ನಿಂತ. ಆ ಬಾಗಿಲು ನೋಡಿದ, ಈ ಬಾಗಿಲು ನೋಡಿದ. ನಿಂತೇ ಇದ್ದ. ಕೊನೆಗೆ ನೆಲಕ್ಕೆ ಕೂತುಬಿಟ್ಟ. "ಆ ಕಡೆ ಒಬ್ಬ ತಮ್ಮ ಅದಾನಂತ, ಈ ಕಡೆ ಒಬ್ಬ ತಮ್ಮ ಅದಾನಂತ. ಯಾವ ಬಾಗಲಾ ಹಿಡದ್ರೂ ಮುಂದ ಇನ್ನೊಬ್ಬ ತಮ್ಮಗ ಗುಂಡು ಹಾಕಬೇಕು. ಆಮ್ಯಾಲ ಗೊತ್ತಾತು ನನಗ," ಅಂದ ಅಣ್ಣ.

"ಏನ ಮಾಡಿದ್ರು ಅವನ್ನ?" ಅವ್ವ ಕೇಳಿದಳು. ನನಗಿಂತ ಮುಂಚೆ ಅವಳೇ ಕೇಳಿದಳು, ಅದು ನನಗೆ ಚೆನ್ನಾಗಿ ನೆನಪಿದೆ.

"ಅಂಥವರು ಒಂದಿಷ್ಟ ಮಂದಿ ಇದ್ರು. ಎರಡೂ ಕಡೆ ಬ್ಯಾಡ ಅಂದವರು. ನಮ್ಮ ಜೋಡಿ ಹಡಗದಾಗ ಹಿಂದುಸ್ತಾನಕ್ಕ ಬಂದ್ರು."

"ಯಪ್ಪಾ! ಗುರುತು ಪರಿಚಯ ಇಲ್ಲದ ದೇಶಕ್ಕ?" ಅಂದಳು ಅವ್ವ. ಆಮೇಲೆ, "ಅವನ ಕೈಯಾಗ ಯಾರರೆ ಏನರೆ ಕಟ್ಟಿ ಕೊಟ್ರಿಲ್ಲೋ, ಹಾದ್ಯಾಗ ತಿನ್ನಾಕ?" ಅಂತ ಕೇಳಿದಳು. ಅಣ್ಣ ನಕ್ಕ. ದಂಡಿನವರು ರೊಟ್ಟಿ ಕಟ್ಟಿ ಕೊಡುವುದಿಲ್ಲವಬೇ ಅಂದ.

ಅಣ್ಣ ಬಂದ ಸುದ್ದಿ ಗಲಗಲಿಗೂ ಮುಟ್ಟಿತು. ಅವನು ಬರುವವರೆಗೆ ಕಳಿಸುವುದಿಲ್ಲ ಅಂತ ಅಪ್ಪ ಅಲ್ಲಿಯವರಿಗೆ ನೆವ ಹೇಳುತ್ತ ಬಂದಿದ್ದ, ಈಗ ಆ ನೆವ ತೀರಿತು. ಯುಗಾದಿಗೆ ಮುಂಚೆ ಸೊಸೆಯನ್ನು ಕರೆದೊಯ್ಯಲು ಹಿರಿಯರು ಬಂಡಿ ಕಟ್ಟಿಕೊಂಡು ಬರುತ್ತಾರೆ ಅಂತ ಹೇಳಿ ಕಳಿಸಿದರು. ಅಪ್ಪನಿಗೆ ಕಳಿಸುವ ಮನಸ್ಸೇ ಇತ್ತು. ಅವನು ಕಟುಕನಲ್ಲ, ಮಂದಿಗೆ ಅಂಜುವವನು. ಮನೆಯಲ್ಲಿ ತಿರುಗಿ ಬಂದ ಮಗಳಿದ್ದರೆ ಮಗನಿಗೆ ಯಾರು ಹೆಣ್ಣು ಕೊಡುತ್ತಾರೆ ಅನ್ನುವುದು ಅವನ ಚಿಂತೆ. "ಕೊಟ್ಟ ಹೆಣ್ಣು ಕುಲಕ್ಕ ಹೊರಗು," ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ನನಗೆ ಹೋಗುವುದಿರಲಿಲ್ಲ. ಹೊಳೆಯೊಂದನ್ನು ನೋಡುವುದಕ್ಕೆ ಆ ಮನೆಗೆ ಹೋಗಿ ಇನ್ನೊಂದು ಕೈ ಮುರಿಸಿಕೊಳ್ಳಲು ನಾನೇನು ಹುಚ್ಚಿಯೇ?

ಅಣ್ಣ ಅಪ್ಪನ ಮುಂದೆ ಕೂತು, "ಅವರು ಬರ್ಲಿ. ಏನ ಹೇಳೂದೈತಿ ಹೇಳ್ಲಿ. ಇಕಿ ಕೇಳ್ತಾಳ. ಆಮ್ಯಾಲ ಇಕಿ ಎದ್ದು ಯಾವ ಬಾಗಲಕ್ಕ ಹೋಗ್ತಾಳ, ಹೋಗ್ಲಿ. ಹೆಬ್ಬಾಗಲಕ್ಕ ಹೋದ್ರ ಬಂಡಿ, ಹಿತ್ತಲ ಬಾಗಲಕ್ಕ ಹೋದ್ರ ತವರುಮನಿ. ಯಾರೂ ಮುಟ್ಟೂ ಹಂಗಿಲ್ಲ," ಅಂದ. ಅಪ್ಪ ಒಪ್ಪಿದ. ಅಷ್ಟು ಬೇಗ ಯಾಕೆ ಒಪ್ಪಿದ ಅಂತ ನಮಗೆ ಅವತ್ತು ಅನಿಸಲೇ ಇಲ್ಲ.

ಬಂದರು. ಜಮಖಂಡಿಯಲ್ಲಿ ವಸ್ತಿ ಮಾಡಿ, ಬಿಸಿಲೇರುವ ಮುಂಚೆ ನಮ್ಮ ಓಣಿಗೆ ಸವಾರಿ ಬಂಡಿ ಹೊಡೆದುಕೊಂಡು ಬಂದರು. ಮಾವ ಮತ್ತು ಊರ ಹಿರಿಯನೊಬ್ಬ ಒಳಗೆ ಬಂದರು. ಗಂಡನೂ ಬಂದಿದ್ದ. ಅವನು ಹೊರಗೆ ಎತ್ತಿನ ಜೊತೆ ಇದ್ದ.

ಅಣ್ಣ ಪಡಸಾಲೆಯಲ್ಲಿ ಆ ಕೊರಿಯಾದ ಕಂಬಳಿ ಹಾಸಿದ್ದ. ಒಂದು ಕಡೆ ಹಿರಿಯರು, ಎದುರಿಗೆ ನಾನು, ನಡುವೆ ಕಂಬದ ಹತ್ತಿರ ಅವನು ನೆಟ್ಟಗೆ ನಿಂತ. ಮಾವ ಮುಖ ಗಂಟಿಕ್ಕಿ, "ಇದೇನ ಬಯಲಾಟ ಹಚ್ಚೀರಿ?" ಅಂದ.

"ಆಟ ಅಲ್ರೀ, ಪದ್ಧತಿ. ದೊಡ್ಡ ದೊಡ್ಡ ಸರ್ಕಾರದವರು ಮಾಡಿದ್ದು. ನೀವು ಮಾತಾಡ್ರಿ," ಅಂದ ಅಣ್ಣ.

ಹಿರಿಯ ಮಾತಿನವನು. ಎಲೆ ಅಡಿಕೆ ಬಾಯಿಗಿಟ್ಟು ಶುರು ಮಾಡಿದ. "ಮಗಳ, ಆದದ್ದ ಆತು. ಗಂಡ ಹೆಂಡರ ಜಗಳ ಉಂಡ ಮಲಗೂತನಕ. ನಿಮ್ಮತ್ತಿ ದಿನಾ ನೆನಸ್ತಾಳ. ಎಲ್ಲಾ ಮರತೇವಿ, ಯಾರೂ ನಿನಗ ಒಂದ ಮಾತ ಅನ್ನಂಗಿಲ್ಲ."

ಅಣ್ಣ ಫಕ್ಕನೆ ನಕ್ಕುಬಿಟ್ಟ. ಎಲ್ಲರೂ ಅವನ ಕಡೆ ತಿರುಗಿದರು. "ತಪ್ಪಾತ್ರಿ, ನಡೀಲಿ," ಅಂದ. ಅವನಿಗೆ ಯಾಕೆ ನಗು ಬಂತೆಂದು ನನಗೊಬ್ಬಳಿಗೇ ಗೊತ್ತಿತ್ತು. ಮರೆತಿದ್ದೇವೆ ಅನ್ನುತ್ತಿದ್ದರು. ಮುರಿದದ್ದು ನನ್ನ ಕೈ, ಮರೆತವರು ಅವರು!

ಹಿರಿಯ ಹೇಳುತ್ತಲೇ ಹೋದ. ನನಗೆ ಮಾತು ದೂರವಾಗುತ್ತ ಹೋಯಿತು. ಕಂಬಳಿಯ ಜುಂಗು ಬೆರಳಿಗೆ ಹತ್ತುತ್ತಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲ ಕೋಲಿನಲ್ಲಿ ನೂಲಿನ ಧೂಳು ತೇಲುತ್ತಿತ್ತು, ಬಿಳಿ, ನಿಧಾನ. ನೋಡುತ್ತ ನೋಡುತ್ತ ಅದೇ ಹಿಮವಾಯಿತು. ಹಿರಿಯನ ರುಮಾಲಿನ ಮೇಲೆ ಬಿತ್ತು, ಅಣ್ಣನ ಹೆಗಲ ಮೇಲೆ ಬಿತ್ತು, ಪಕ್ಕದ ಮಗ್ಗದ ಹಾಸಿನ ಮೇಲೆ ಬಿತ್ತು. ಊರೆಲ್ಲ ಕಿವಿ ಮುಚ್ಚಿಕೊಂಡಿತ್ತು. ನಟ್ಟ ನಡುವೆ ಆ ರೈತರ ಕೈಯವನು ಕೂತಿದ್ದ, ನನ್ನ ಕಡೆ ನೋಡುತ್ತಿದ್ದ. ನನಗೆ ಅಂಜಿಕೆಯಾಗಲಿಲ್ಲ. ನಿನಗೆ ಎರಡೂ ಕಡೆ ತಮ್ಮಂದಿರು, ನನಗೆ ಹಾಗೇನಿಲ್ಲಪ್ಪಾ, ನನ್ನ ಬಾಗಿಲು ಯಾವುದೆಂದು ನನಗೆ ಗೊತ್ತು ಅಂತ ಅವನಿಗೆ ಹೇಳಿದೆ.

"ಆತ್ರಿ," ಅಣ್ಣನ ದನಿ ಕೇಳಿತು. "ಏಳು ತಂಗಿ. ಯಾವ ಬಾಗಲಾ?"

ಎದ್ದೆ. ಹಿತ್ತಲ ಬಾಗಿಲ ಕಡೆ ಹೊರಳಿದೆ. ಎರಡು ಹೆಜ್ಜೆಯೂ ಇಟ್ಟಿರಲಿಲ್ಲ, ಒಳಗಿನಿಂದ ಅವ್ವ ಬಂದಳು. ಕೈಯಲ್ಲಿ ಮೊರ, ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಉತ್ತತ್ತಿ, ವೀಳ್ಯದೆಲೆ, ಕುಬಸದ ಖಣ. ಸರಿಯಾಗಿ ನನ್ನ ಎದುರಿಗೆ, ಹಿತ್ತಲ ಬಾಗಿಲಿಗೆ ಅಡ್ಡಲಾಗಿ ನಿಂತು, "ಸೆರಗ ಒಡ್ಡು," ಅಂದಳು.

ನಾನು ಸೆರಗು ಒಡ್ಡಿದೆ! ಯಾಕೆ ಒಡ್ಡಿದೆ ಅಂದರೆ ಏನು ಹೇಳಲಿ. ಅವ್ವ ಮೊರ ಹಿಡಿದು ನಿಂತು ಸೆರಗು ಒಡ್ಡು ಅಂದರೆ ನಮ್ಮ ಕಡೆಯ ಯಾವ ಮಗಳ ಕೈಯೂ ತಡೆಯುವುದಿಲ್ಲ. ಕೈ ತಾನೇ ಹೋಗುತ್ತದೆ. ಅಕ್ಕಿ ಬಿದ್ದ ಸಪ್ಪಳಕ್ಕೆ ನನಗೆ ಎಚ್ಚರವಾಯಿತು. ಆಗ ತಡವಾಗಿತ್ತು. ಉಡಿ ತುಂಬುವುದು ಮಗಳನ್ನು ಕಳಿಸಿಕೊಡುವಾಗ. ತುಂಬಿದ ಉಡಿಯ ಹೆಣ್ಣು ಹೊಸ್ತಿಲು ದಾಟಲೇಬೇಕು. ಹೊಳ್ಳಿ ಒಳಗೆ ಕಾಲಿಟ್ಟರೆ ತವರಿಗೆ ಏಳಿಗೆ ಇಲ್ಲ ಅಂತ ನಮ್ಮಲ್ಲಿ ನಂಬಿಕೆ.

"ಯವ್ವಾ! ಏನ ಮಾಡಿದಿ ಇದು!" ಅಣ್ಣ ಕೂಗಿದ.

ಅವ್ವ ಅವನ ಕಡೆ ನೋಡಲಿಲ್ಲ. ಮೊರದಲ್ಲಿದ್ದದ್ದನ್ನೆಲ್ಲ ಸುರುವಿ, ಸೆರಗಿನ ತುದಿ ಗಂಟು ಬಿಗಿದು ನನ್ನ ನಡುವಿಗೆ ಸಿಕ್ಕಿಸಿದಳು. ಕುಂಕುಮ ಹಚ್ಚುವಾಗ ನನ್ನ ಕಿವಿಯ ಹತ್ತಿರ, "ಹೊಳ್ಳಿ ನೋಡಬ್ಯಾಡ," ಅಂದಳು. ಆ ಗಳಿಗೆಯಲ್ಲಿ ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ಗಂಡನ ಮೇಲೂ ಎಂದೂ ಬಂದಿರಲಿಲ್ಲ. ಹೆತ್ತವಳು ಇವಳೇನಾ ಅನಿಸಿತು. ಕಣ್ಣು ತುಂಬಿ ಏನೂ ಕಾಣಲಿಲ್ಲ.

ಹಿರಿಯ ತೊಡೆ ತಟ್ಟಿ ಎದ್ದ. "ಶಾಣ್ಯಾಕಿ ನಮ್ಮ ಬೀಗತಿ! ಉಡಿ ತುಂಬೇತಿ, ಇನ್ನೇನ ಮಾತು? ಹೂಡಪಾ ಬಂಡಿ!"

ಒಳಗೆ ಹೋಗುವ ಹಾಗಿಲ್ಲ. ಬಂಡಿ ಹತ್ತುವ ಮನಸ್ಸಿಲ್ಲ. ಅತ್ತ ದರಿ, ಇತ್ತ ಪುಲಿ. ನಟ್ಟ ನಡುವೆ ನಿಂತೆ, ಥೇಟು ಅವನ ಹಾಗೆ. ಆದರೆ ತುಂಬಿದ ಉಡಿ ಭಾರ ಇರುತ್ತದೆ, ಅದನ್ನು ಹೊತ್ತು ಬಹಳ ಹೊತ್ತು ನಿಲ್ಲಲಾಗುವುದಿಲ್ಲ. ನಾನು ಹೆಬ್ಬಾಗಿಲು ದಾಟಿ ಹೊರಗೆ ಬಂದೆ.

ಗಂಡ ಬಂಡಿಯ ತಟ್ಟಿ ಸರಿಸಿ ದಾರಿ ಬಿಟ್ಟ. ನಾನು ಅವನ ಪಕ್ಕದಿಂದ, ಎತ್ತಿನ ಕೊಂಬಿನ ಪಕ್ಕದಿಂದ ನಡೆದೆ. ಓಣಿಯಲ್ಲಿ ಉದ್ದಕ್ಕೆ ಹಾಸು ಬಿಗಿದಿದ್ದರು, ಕೆಂಪು ನೂಲು. ಅದರ ಬದಿ ಹಿಡಿದು ನಡೆದೆ.

"ಏ ಮಗಳ, ಬಂಡಿ ಈ ಕಡೆ ಐತಿ!" ಹಿರಿಯ ಕೂಗಿದ.

"ಗೊತ್ತೈತ್ರಿ," ಅಂದೆ, ಹೊಳ್ಳಿ ನೋಡದೆ.

ಹಿಂದೆ ಗದ್ದಲವಾಯಿತು. ಗಂಡ ಬೆನ್ನು ಹತ್ತಿದನಂತೆ. ಅಣ್ಣ ಓಣಿಗೆ ಅಡ್ಡ ನಿಂತನಂತೆ. "ಉಡಿ ತುಂಬಿದ ಹೆಣ್ಣಲೇ ಅದು!" ಅಂತ ಮಾವ ಚೀರಿದ್ದು ಮಾತ್ರ ನನಗೆ ಕೇಳಿತು. ಅಣ್ಣ ಅಂದದ್ದೂ ಕೇಳಿತು, "ಹೌದ್ರೀ, ತುಂಬೇತಿ. ಹೊಸ್ತಿಲಾ ದಾಟ್ಯಾಳ. ಎಲ್ಲಿಗೆ ಅಂತ ಉಡ್ಯಾಗೇನ ಬರದಿಲ್ಲಲ್ಲ. ಮುಟ್ಟೂ ಹಂಗಿಲ್ಲ ಅಂದೇನಿ, ಮುಟ್ಟೂ ಹಂಗಿಲ್ಲ!" ದಂಡಿನವನ ದನಿ ಅದು, ಓಣಿಯ ಆ ತುದಿಗೂ ಮುಟ್ಟಿತು.

ಎಲ್ಲಿಗೆ ಅಂತ ನನಗೂ ಗೊತ್ತಿರಲಿಲ್ಲ. ಕಾಲು ರಬಕವಿಯ ದಾರಿ ಹಿಡಿದಿತ್ತು. ಬಿಸಿಲು ಬೆಳ್ಳಗೆ ಬಿದ್ದಿತ್ತು, ದಾರಿ ಬೆಳ್ಳಗಿತ್ತು, ಮುಂದಿನದು ಏನೂ ಕಾಣುತ್ತಿರಲಿಲ್ಲ, ಗಲಗಲಿಯ ಹೊಳೆಯ ಆಚೆ ದಂಡೆಯ ಹಾಗೆ. ಎದುರಿಗೆ ಬಂದವರು ತುಂಬಿದ ಉಡಿ ನೋಡಿ ದಾರಿ ಬಿಟ್ಟು ನಿಂತರು. ಒಬ್ಬ ಮುದುಕಿ, "ಗಂಡನ ಮನಿಗೇನ ಮಗಳ? ಒಬ್ಬಾಕಿನ ನಡದೀಯಲ್ಲ!" ಅಂದಳು. "ಹೂಂನಬೇ," ಅಂದೆ. ಜಾಲಿ ಗಿಡ ಬಂತು. ಇಲ್ಲಿಗೆ ನಮ್ಮದು ಮುಗಿಯಿತು ಅಂದುಕೊಂಡೆ. ದಾಟಿದೆ.

ಸೋದರತ್ತೆ ತನ್ನ ಮನೆಯ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನನ್ನೂ ನನ್ನ ಉಡಿಯನ್ನೂ ನೋಡಿದಳು. ತಂಬಿಗೆ ನೀರು ತಂದು ಕಾಲಿಗೆ ಹಾಕಿ ಒಳಗೆ ಕರೆದಳು. ದೇವರ ಮುಂದೆ ಕೂಡಿಸಿ, "ಬಿಚ್ಚು," ಅಂದಳು.

ಗಂಟು ಬಿಚ್ಚಿದೆ. ಅಕ್ಕಿ ಸುರಿಯಿತು, ಕೊಬ್ಬರಿ ಉರುಳಿತು, ಎಲೆ ಬಿತ್ತು. ಖಣದ ಮಡಿಕೆಯೊಳಗೆ ಇನ್ನೇನೋ ಗಟ್ಟಿಯಾಗಿ ಕೈಗೆ ಹತ್ತಿತು. ಬಿಡಿಸಿ ನೋಡಿದರೆ ಕಂಡಿಕೆ! ಒಂದು ಹಿಡಿ ಕಂಡಿಕೆ. ಕೆಂಪು ನೂಲು, ನಡುವೆ ಉಬ್ಬಿ ತುದಿಗೆ ಸಣ್ಣಗೆ, ಎಳೆ ಮೇಲೆ ಎಳೆ ಕೂತ ಸುತ್ತು. ಅತ್ತೆ ಒಂದನ್ನೆತ್ತಿ ಬೆಳಕಿಗೆ ಹಿಡಿದು, "ನಿಮ್ಮವ್ವನ ಕೈ," ಅಂದಳು. ಮೂಲೆಯಲ್ಲಿ ಕೂತಿದ್ದ ತನ್ನ ಮಗ್ಗದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಆ ಮಗ್ಗಕ್ಕ ಜಿಡ್ಡ ಹತ್ತೇತಿ, ಒರಸಬೇಕು," ಅಂದಳು.

ನಾನು ಕಂಡಿಕೆಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ. ಅಷ್ಟು ಗಟ್ಟಿಯಾಗಿ ಹಿಂದೆಯೂ ಅತ್ತಿಲ್ಲ, ಮುಂದೆಯೂ ಅಳಲಿಲ್ಲ.

ಸೊಟ್ಟ ಕೈ ಲಾಳಿಗೆ ಬೇಗ ಹೊಂದಿಕೊಂಡಿತು. ಎಸೆಯುವುದು ಬಲಗೈ, ಹಿಡಿಯುವುದು ಎಡಗೈ, ಹಿಡಿಯುವುದಕ್ಕೆ ಸೊಟ್ಟಗಿದ್ದರೇ ಛಲೋ ಅಂತ ಅತ್ತೆ ಚೇಷ್ಟೆ ಮಾಡುತ್ತಿದ್ದಳು. ಗಂಡ ಬೇರೆ ಮದುವೆಯಾದ ಅಂತ ಸುದ್ದಿ ಬಂತು. ಆ ಹೆಣ್ಣಿನ ಕೈ ನೆಟ್ಟಗಿರಲಿ. ಅಣ್ಣ ದಂಡಿಗೆ ಮರಳುವಾಗ ಬಂದು ಹೋದ, ಆ ಕಂಬಳಿಯನ್ನು ನನಗೇ ಕೊಟ್ಟ. ಅಪ್ಪ ಬಹಳ ದಿನ ಬರಲಿಲ್ಲ. ಕೊನೆಗೆ ಬಂದ, ಆದರೆ ಅದು ಬೇರೆ ಮಾತು.

ಅವ್ವ ಮುಂದಿನ ಸಂತೆಯ ದಿನವೇ ಬಂದಳು, ಬುಟ್ಟಿಯಲ್ಲಿ ರೊಟ್ಟಿ ಕಟ್ಟಿಕೊಂಡು. ನಾನು ಕುಣಿಯಲ್ಲಿ ಕೂತು ಲಾಳಿ ಎಸೆಯುತ್ತಲೇ ಇದ್ದೆ. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಕಂಡಿಕೆ ಇಟ್ಟದ್ದು ಖರೆ, ಆದರೆ ಹಿತ್ತಲ ಬಾಗಿಲಿಗೆ ಅಡ್ಡ ನಿಂತದ್ದೂ ಖರೆಯಲ್ಲ? ಕೊನೆಗೆ ತಡೆಯಲಾಗದೆ ಕೇಳಿದೆ, "ನಾ ಆ ಬಾಗಲಕ್ಕ ಹೊಂಟಿದ್ನಿ. ನಿನ್ನ ಮನ್ಯಾಗ, ನಿನ್ನ ಹತ್ರ ಇರತಿದ್ನಿ. ಯಾಕ ಅಡ್ಡ ಬಂದಿ?"

ಅವ್ವ ರಾಟೆಯನ್ನು ತನ್ನ ಕಡೆ ಎಳೆದುಕೊಂಡಳು. ನೂಲಿನ ತುದಿ ಹುಡುಕುತ್ತ, "ಆ ಬಾಗಲಾ ಎಲ್ಲಿತ್ತ ಮಗಳ? ಅವತ್ತ ಮುಂಜಾನೆ ಗಂಜಿ ಹಚ್ಚೂವಾಗನ ನಿಮ್ಮಪ್ಪ ನನಗ ಹೇಳಿದ್ದ. ಬಂಡಿ ಹತ್ತಲಿಲ್ಲಂದ್ರ ಹಿತ್ತಲದಾಗಿಂದ ಹಂಗ ಹೊರಗ ಹೋಗಬೇಕು, ನನ್ನ ಮನ್ಯಾಗ ಅಕಿಗೆ ನೀರಿಲ್ಲ ಅಂತ. ನಿಮ್ಮಣ್ಣಗ ಗೊತ್ತಿರಲಿಲ್ಲ. ಅಂವಾ ಎರಡು ಬಾಗಲಾ ಅದಾವ ಅಂತ ತಿಳದಿದ್ದ," ಅಂದಳು.

ನನ್ನ ಕೈಯಲ್ಲಿ ಲಾಳಿ ನಿಂತಿತು.

"ಹೆಂಗೂ ಹೋಗಾಕಿ ಇದ್ದಿ," ಅಂದಳು ಅವ್ವ. "ಬರೇ ಉಡಿಲೆ ಹಿತ್ತಲ ಹಾದು ಕಳ್ಳರಂಗ ಹೋಗೂದ ನಾ ಹೆಂಗ ನೋಡ್ಲಿ? ತುಂಬಿ, ಹೆಬ್ಬಾಗಲದಿಂದ ಕಳಸಿದ್ನಿ."

ತುದಿ ಸಿಕ್ಕಿತು. ಅವಳು ಅದನ್ನು ಖಾಲಿ ಕಂಡಿಕೆಗೆ ಹಚ್ಚಿ ರಾಟೆ ತಿರುಗಿಸಿದಳು. ನಾನು ಕೈ ಚಾಚಿದೆ, ಅವಳು ಸುತ್ತಿದ ಕಂಡಿಕೆ ಕೊಟ್ಟಳು.